ಟ್ಯಾಕಲ್ ಎಷ್ಟು, ದುಡ್ಡು ಎಷ್ಟು: ಲೈನ್‌ಬ್ಯಾಕರ್‌ನ ಬೆಲೆ ಕಟ್ಟುವ ಲೆಕ್ಕ

2022ರ ಅಕ್ಟೋಬರ್ 31ರಂದು ಅಮೆರಿಕನ್ ಫುಟ್ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅತಿ ಹೆಚ್ಚು ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಮಾಡಿದ್ದ ಆಟಗಾರ ಷಿಕಾಗೋ ಬೇರ್ಸ್ ತಂಡದ ಲೈನ್‌ಬ್ಯಾಕರ್ ರೊಕ್ವಾನ್ ಸ್ಮಿತ್. ಎಂಟು ಪಂದ್ಯಗಳಲ್ಲಿ 83 ಟ್ಯಾಕಲ್. ಅದೇ ದಿನ ಬೇರ್ಸ್ ಅವರನ್ನು ಬಾಲ್ಟಿಮೋರ್ ರೇವನ್ಸ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಸಿಕ್ಕಿದ್ದು ಮುಂದಿನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಎರಡನೇ ಸುತ್ತಿನ ಒಂದು ಆಯ್ಕೆ, ಐದನೇ ಸುತ್ತಿನ ಒಂದು ಆಯ್ಕೆ, ಜೊತೆಗೆ ಎ. ಜೆ. ಕ್ಲೈನ್ ಎಂಬ ಅನುಭವಿ ಲೈನ್‌ಬ್ಯಾಕರ್. ಮೂರು ತಿಂಗಳು ತುಂಬುವ ಮೊದಲೇ, 2023ರ ಜನವರಿಯಲ್ಲಿ, ರೇವನ್ಸ್ ರೊಕ್ವಾನ್ ಜೊತೆ ಐದು ವರ್ಷಕ್ಕೆ 10 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು.

ಆಟಗಾರ ಅವನೇ, ಸೀಸನ್ ಕೂಡ ಅದೇ. ಒಂದು ತಂಡ ಇಷ್ಟು ಕೊಡಲಾರೆ ಅಂತು, ಇನ್ನೊಂದು ತಂಡ ಅವನ ಜಾಗದಲ್ಲಿ ಆಡುವವರಲ್ಲೇ ಅತಿ ಹೆಚ್ಚು ಸಂಬಳ ಕೊಟ್ಟಿತು. ಇಬ್ಬರಲ್ಲಿ ಒಬ್ಬರು ಪೆದ್ದರು ಅನ್ನಿಸುತ್ತೆ, ಅಲ್ವಾ? ವಿಷಯ ಅಷ್ಟು ಸುಲಭ ಅಲ್ಲ. ಲೈನ್‌ಬ್ಯಾಕರ್‌ನ ಆಟ ಅಳೆಯುವುದು ಒಂದು ಗೋಜಲು, ಅದಕ್ಕೆ ಬೆಲೆ ಕಟ್ಟುವುದು ಇನ್ನೊಂದು ಗೋಜಲು.

ಮೊದಲು ಆಟ. ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ದಾಟಿದರೆ ಮತ್ತೆ ನಾಲ್ಕು. ತಡೆಯುವ ತಂಡದಲ್ಲಿ 11 ಜನ. ಮುಂದಿನ ಸಾಲಿನಲ್ಲಿ ದಢೂತಿ ಆಟಗಾರರು, ಹಿಂದುಗಡೆ ಪಾಸ್ ಹಿಡಿಯುವವರನ್ನು ಕಾಯುವ ಚುರುಕು ಓಟಗಾರರು. ಇವರಿಬ್ಬರ ನಡುವೆ ನಿಲ್ಲುವವನೇ ಲೈನ್‌ಬ್ಯಾಕರ್. ಎದುರಾಳಿ ಚೆಂಡು ಹಿಡಿದು ಓಡಿದರೆ ಇವನು ಮುಂದೆ ನುಗ್ಗಬೇಕು. ಪಾಸ್ ಎಸೆದರೆ ಹಿಂದಕ್ಕೆ ಓಡಿ ಜಾಗ ಮುಚ್ಚಬೇಕು. ಯಾವುದು ಅಂತ ತೀರ್ಮಾನಿಸಲು ಇರುವ ಸಮಯ ಒಂದು ಸೆಕೆಂಡಿಗೂ ಕಮ್ಮಿ.

ಅವನ ತಲೆ ಕೆಡಿಸಲೆಂದೇ ಎದುರಾಳಿಗಳು ಪ್ಲೇ-ಆ್ಯಕ್ಷನ್ ಮಾಡುತ್ತಾರೆ. ಪಾಸ್ ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಚೆಂಡನ್ನು ಓಟಗಾರನ ಕೈಗೆ ಕೊಟ್ಟ ಹಾಗೆ ಮಾಡುತ್ತಾನೆ, ಆದರೆ ಕೊಡುವುದಿಲ್ಲ. ಲೈನ್‌ಬ್ಯಾಕರ್ ನಂಬಿ ಎರಡು ಹೆಜ್ಜೆ ಮುಂದಿಟ್ಟರೆ ಸಾಕು, ಅವನ ಬೆನ್ನ ಹಿಂದೆ ಪಾಸ್ ಎಸೆಯಲು ಜಾಗ ಸಿಕ್ಕಿತು. ನಂಬದೆ ಸುಮ್ನೆ ನಿಂತರೆ, ನಿಜವಾದ ಓಟ ಬಂದಾಗ ತಡವಾಯಿತು. ಟಿವಿಯಲ್ಲಿ ನಮಗೆ ಕಾಣುವುದು ಚೆಂಡು ಮಾತ್ರ. ಆ ಎರಡು ಹೆಜ್ಜೆ ಯಾರಿಗೂ ಕಾಣುವುದಿಲ್ಲ.

ಈಗ ಟ್ಯಾಕಲ್ ವಿಷಯಕ್ಕೆ ಬರೋಣ. ಪತ್ರಿಕೆಯಲ್ಲಿ ಮೊದಲು ಬರುವ ಅಂಕಿ ಇದೇ. ಆದರೆ ತುಂಬಾ ಕಡಿಮೆ ಹೇಳುವ ಅಂಕಿಯೂ ಇದೇ. ಕ್ರಿಕೆಟ್‌ನಲ್ಲಿ ಬೌಂಡರಿ ಹತ್ತಿರ ಅತಿ ಹೆಚ್ಚು ಚೆಂಡು ಹೆಕ್ಕಿ ಎಸೆದವನೇ ಅತ್ಯುತ್ತಮ ಫೀಲ್ಡರ್ ಅಂತ ನಾವು ಹೇಳುತ್ತೇವಾ? ಬೌಲರ್‌ಗಳು ಅವನ ಕಡೆ ಹೊಡೆಸಿಕೊಳ್ಳುತ್ತಿದ್ದಾರೆ, ಅಷ್ಟೇ. ಸೋಲುತ್ತಿರುವ ತಂಡದ ವಿರುದ್ಧ ಎದುರಾಳಿಗಳು ಗಡಿಯಾರ ಕಳೆಯಲು ಓಟದ ಮೇಲೆ ಓಟ ಆಡುತ್ತಾರೆ. ಆಗ ನಡುವೆ ನಿಂತವನ ಲೆಕ್ಕಕ್ಕೆ ಟ್ಯಾಕಲ್‌ಗಳು ಬೀಳುತ್ತಾ ಹೋಗುತ್ತವೆ. 2022ರಲ್ಲಿ ಬೇರ್ಸ್ 17 ಪಂದ್ಯಗಳಲ್ಲಿ ಗೆದ್ದದ್ದು ಮೂರೇ ಮೂರು ಅನ್ನುವುದನ್ನು ಇಲ್ಲಿ ನೆನಪಿಡಬೇಕು.

ಎಲ್ಲಿ ಕೆಡವಿದ ಅನ್ನುವುದೂ ಮುಖ್ಯ. ಮೂರನೇ ಅವಕಾಶ, ಇನ್ನೂ 8 ಗಜ ಬೇಕು ಅಂತಿಟ್ಟುಕೊಳ್ಳಿ. ಪಾಸ್ ಹಿಡಿದವನನ್ನು 5 ಗಜಕ್ಕೆ ಕೆಡವಿದರೆ ಎದುರಾಳಿ ಬಹುತೇಕ ಚೆಂಡು ಬಿಟ್ಟುಕೊಡಬೇಕಾಗುತ್ತದೆ. 9 ಗಜಕ್ಕೆ ಕೆಡವಿದರೆ ಅವರಿಗೆ ಮತ್ತೆ ನಾಲ್ಕು ಅವಕಾಶ. ಎರಡಕ್ಕೂ ಪಟ್ಟಿಯಲ್ಲಿ ಒಂದೊಂದೇ ಟ್ಯಾಕಲ್. ಸಾಲದ್ದಕ್ಕೆ, ಇದನ್ನು ಲೆಕ್ಕ ಹಾಕುವವರು ಆಯಾ ಊರಿನ ಮೈದಾನದ ಸ್ಕೋರರ್‌ಗಳು. ಇಬ್ಬರು ಸೇರಿ ಕೆಡವಿದಾಗ ಯಾರ ಹೆಸರಿಗೆ ಎಷ್ಟು ಬರೆಯಬೇಕು ಅನ್ನುವುದರಲ್ಲಿ ಕೆಲವರ ಕೈ ಧಾರಾಳ, ಕೆಲವರದ್ದು ಬಿಗಿ.

ಹಾಗಾಗಿ ಬಲ್ಲವರು ನೋಡುವುದು ‘ಸ್ಟಾಪ್’ ಅನ್ನುವ ಅಂಕಿ. ಎದುರಾಳಿಯ ಆಟ ಸೋತ ಹಾಗೆ ಮಾಡಿದ ಟ್ಯಾಕಲ್ ಮಾತ್ರ ಇದರಲ್ಲಿ ಸೇರುತ್ತದೆ. ಸಾಮಾನ್ಯವಾಗಿ ಬಳಸುವ ಅಳತೆ ಹೀಗಿದೆ: ಮೊದಲ ಅವಕಾಶದಲ್ಲಿ ಬೇಕಾದ ಗಜಗಳಲ್ಲಿ ಶೇ 40, ಎರಡನೆಯದರಲ್ಲಿ ಶೇ 60, ಮೂರು ಮತ್ತು ನಾಲ್ಕನೆಯದರಲ್ಲಿ ಪೂರ್ತಿ. ಅಷ್ಟು ಸಿಗದ ಹಾಗೆ ತಡೆದರೆ ಅದು ಸ್ಟಾಪ್. ಇದರ ಪಕ್ಕದಲ್ಲಿ ತಪ್ಪಿದ ಟ್ಯಾಕಲ್‌ಗಳನ್ನೂ ಇಟ್ಟು ನೋಡಬೇಕು. ಕೈಗೆ ಸಿಕ್ಕವನನ್ನು ಬಿಟ್ಟರೆ ಹಿಂದೆ ಹೆಚ್ಚು ಜನ ಇರುವುದಿಲ್ಲ. 3 ಗಜದ ಆಟ 30 ಗಜ ಆಗಿಬಿಡುತ್ತದೆ.

ಓಟ ತಡೆಯುವುದನ್ನು ಹೀಗೆ ಒಂದು ಮಟ್ಟಿಗೆ ಅಳೆಯಬಹುದು. ನಿಜವಾದ ದುಡ್ಡು ಇರುವುದು ಪಾಸ್ ತಡೆಯುವುದರಲ್ಲಿ. ಈಗ ಎನ್‌ಎಫ್‌ಎಲ್ ತಂಡಗಳು ಪಾಸ್ ಆಡುವುದೇ ಜಾಸ್ತಿ. ಅದನ್ನು ಎದುರಿಸಲು ತಡೆಯುವ ತಂಡಗಳು ಹೆಚ್ಚಿನ ಹೊತ್ತು ಒಬ್ಬ ಲೈನ್‌ಬ್ಯಾಕರ್‌ನನ್ನು ಹೊರಗೆ ಕೂರಿಸಿ ಹಿಂದುಗಡೆ ಕಾಯುವ ಇನ್ನೊಬ್ಬ ಚುರುಕು ಓಟಗಾರನನ್ನು ಇಳಿಸುತ್ತವೆ. ಮೈದಾನದಲ್ಲಿ ಉಳಿಯುವುದು ಇಬ್ಬರೇ ಲೈನ್‌ಬ್ಯಾಕರ್‌ಗಳು. ಮೂರನೇ ಅವಕಾಶದಲ್ಲೂ ಹೊರಗೆ ಹೋಗಬೇಕಾಗಿಲ್ಲದವನು ಮಾತ್ರ ದೊಡ್ಡ ಸಂಬಳ ಕೇಳಬಹುದು. ಬರೀ ಓಟ ತಡೆಯುವವನು, ಅದರಲ್ಲಿ ಎಷ್ಟೇ ಗಟ್ಟಿಗನಾಗಿರಲಿ, ಕಡಿಮೆ ಬೆಲೆಗೆ ಸಿಗುತ್ತಾನೆ.

ಪಾಸ್ ತಡೆಯುವುದನ್ನು ಅಳೆಯಲು ಹೋದರೆ ಅಂಕಿಗಳು ಕೈಕೊಡುತ್ತವೆ. ಇವನ ಕಡೆ ಎಷ್ಟು ಪಾಸ್ ಬಂತು, ಎಷ್ಟನ್ನು ಹಿಡಿದರು, ಎಷ್ಟು ಗಜ ಹೋಯಿತು ಅಂತ ಪಟ್ಟಿ ಸಿಗುತ್ತದೆ. ಆದರೆ ತಂಡಗಳು ಸಾಮಾನ್ಯವಾಗಿ ಆಟಗಾರನನ್ನಲ್ಲ, ಜಾಗವನ್ನು ಕಾಯುತ್ತವೆ. ಇಬ್ಬರ ಜಾಗಗಳ ನಡುವೆ ಪಾಸ್ ಬಿದ್ದರೆ ತಪ್ಪು ಯಾರದ್ದು? ಕೋಚ್ ಆ ಸಲ ಏನು ಹೇಳಿದ್ದರು ಅಂತ ಗೊತ್ತಿದ್ದವರಿಗೆ ಮಾತ್ರ ಅದು ಗೊತ್ತು. ಪ್ರೊ ಫುಟ್ಬಾಲ್ ಫೋಕಸ್ ಸಂಸ್ಥೆ ಪ್ರತಿ ಆಟಗಾರನಿಗೆ ಪಂದ್ಯದೊಳಗಿನ ಪ್ರತಿ ಆಟಕ್ಕೂ ಮೈನಸ್ 2ರಿಂದ ಪ್ಲಸ್ 2ರವರೆಗೆ ಅಂಕ ಕೊಟ್ಟು, ಅದನ್ನು 100ಕ್ಕೆ ಹೊಂದಿಸುತ್ತದೆ. ಉಪಯೋಗಕ್ಕೆ ಬರುವ ಕೆಲಸವೇ. ಆದರೆ ಅಲ್ಲಿ ಕೂತು ಅಂಕ ಹಾಕುವವರಿಗೂ ಕೋಚ್ ಹೇಳಿದ್ದು ಕೇಳಿಸಿರುವುದಿಲ್ಲ. ಇನ್ನೂ ಕಷ್ಟದ ಸಂಗತಿ ಏನೆಂದರೆ, ಲೈನ್‌ಬ್ಯಾಕರ್ ಸರಿಯಾದ ಜಾಗದಲ್ಲಿ ನಿಂತಿದ್ದರೆ ಕ್ವಾರ್ಟರ್‌ಬ್ಯಾಕ್ ಆ ಕಡೆ ಎಸೆಯುವುದೇ ಇಲ್ಲ. ಎಸೆಯದ ಪಾಸ್‌ಗೆ ಪಟ್ಟಿಯಲ್ಲಿ ಜಾಗ ಇಲ್ಲ. ಆಟಗಾರರ ಭುಜದ ಕವಚದಲ್ಲಿ ಚಿಪ್ ಇಟ್ಟು ಯಾರು ಎಲ್ಲಿ ಎಷ್ಟು ವೇಗದಲ್ಲಿ ಓಡಿದರು ಅಂತ ಲೀಗ್ ದಾಖಲಿಸಲು ಶುರುಮಾಡಿದ ಮೇಲೆ ಇದರಲ್ಲಿ ಸ್ವಲ್ಪ ಬೆಳಕು ಬಿದ್ದಿದೆ.

ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಫ್ರೆಡ್ ವಾರ್ನರ್ ಇದಕ್ಕೆ ಒಳ್ಳೆಯ ಉದಾಹರಣೆ. ಬೇ ಏರಿಯಾದಲ್ಲಿ ನೆಲೆಸಿರುವ ನಮ್ಮವರಿಗೆ ಈ ಹೆಸರು ಪರಿಚಯವಿದ್ದೇ ಇರುತ್ತದೆ. ನಡು ಮೈದಾನದಿಂದ ಹಿಂದಕ್ಕೆ ತಿರುಗಿ ಓಡಿ, ಪಾಸ್ ಹಿಡಿಯುವವನ ಜೊತೆಗೇ ಆಳಕ್ಕೆ ಹೋಗುವ ದೊಡ್ಡ ಮೈಕಟ್ಟಿನವರು ಬಹಳ ಕಮ್ಮಿ. ವಾರ್ನರ್ ಅದನ್ನು ಮಾಡುವುದರಿಂದ ಹಿಂದಿನ ಆಟಗಾರರನ್ನು ಕೋಚ್ ಬೇರೆ ಕಡೆಗೆ ಕಳಿಸಬಹುದು. ಆ ಲಾಭ ಇನ್ನೊಬ್ಬರ ಹೆಸರಿನಲ್ಲಿ ಜಮೆ ಆಗುತ್ತದೆ. ಇನ್ನೊಂದು ಕೆಲಸವೂ ಇದೆ. ತಡೆಯುವ ತಂಡದಲ್ಲಿ ಒಬ್ಬನ ಹೆಲ್ಮೆಟ್‌ನಲ್ಲಿ ಮಾತ್ರ ರೇಡಿಯೊ ಇರುತ್ತದೆ, ಗುರುತಿಗೆ ಹಿಂದೆ ಹಸಿರು ಚುಕ್ಕೆ. ಈ ಪದ್ಧತಿ 2008ರಲ್ಲಿ ಬಂತು. ಪ್ರತಿ ಸಲ ಆಟ ಶುರುವಾಗಲು 15 ಸೆಕೆಂಡ್ ಇದೆ ಅನ್ನುವಾಗ ಕೋಚ್ ದನಿ ನಿಂತುಹೋಗುತ್ತದೆ. ಆಮೇಲೆ ಎದುರಾಳಿ ಜಾಗ ಬದಲಿಸಿದರೆ ಉಳಿದ ಹತ್ತು ಜನರನ್ನು ಸರಿಪಡಿಸುವುದು ಆ ಚುಕ್ಕೆಯವನ ಹೊಣೆ. ಹೆಚ್ಚಿನ ತಂಡಗಳಲ್ಲಿ ಅವನು ಲೈನ್‌ಬ್ಯಾಕರ್. ಇದಕ್ಕೂ ಅಂಕಿ ಇಲ್ಲ.

ಇನ್ನು ದುಡ್ಡು

ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡಕ್ಕೂ ವರ್ಷಕ್ಕೆ ಇಷ್ಟೇ ಸಂಬಳ ಅಂತ ಮಿತಿ ಇದೆ. ಅದೇ ಸ್ಯಾಲರಿ ಕ್ಯಾಪ್. 2021ರಲ್ಲಿ ಅದು 18.25 ಕೋಟಿ ಡಾಲರ್, 2023ರಲ್ಲಿ 22.48 ಕೋಟಿ, 2025ರಲ್ಲಿ 27.92 ಕೋಟಿ. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನಿಗೆ ಕಮ್ಮಿ ಆಗಲೇಬೇಕು. ಹಾಗಾಗಿ ಸಂಬಳವನ್ನು ಡಾಲರ್‌ನಲ್ಲಿ ನೋಡುವುದಕ್ಕಿಂತ ಕ್ಯಾಪ್‌ನ ಶೇಕಡಾವಾರಿನಲ್ಲಿ ನೋಡಬೇಕು.

ಹಾಗೆ ನೋಡಿದರೆ ಒಂದು ತಮಾಷೆ ಕಾಣುತ್ತದೆ. 2021ರ ಜುಲೈನಲ್ಲಿ ವಾರ್ನರ್ ಸಹಿ ಹಾಕಿದ ಒಪ್ಪಂದದ ವಿಸ್ತರಣೆ ಐದು ವರ್ಷಕ್ಕೆ ಸುಮಾರು 9.5 ಕೋಟಿ ಡಾಲರ್, ಅಂದರೆ ವರ್ಷಕ್ಕೆ 1.9 ಕೋಟಿ. ಆ ವರ್ಷದ ಕ್ಯಾಪ್‌ನಲ್ಲಿ ಇದು ಶೇ 10ಕ್ಕಿಂತ ಸ್ವಲ್ಪ ಹೆಚ್ಚು. 2025ರ ಮೇನಲ್ಲಿ ಮತ್ತೆ ಮೂರು ವರ್ಷ ಸೇರಿತು, 6.3 ಕೋಟಿಗೆ. ವರ್ಷಕ್ಕೆ 2.1 ಕೋಟಿ. ಅವರ ಜಾಗದಲ್ಲಿ ಆಡುವವರಲ್ಲಿ ದಾಖಲೆ ಅಂತ ಸುದ್ದಿಯಾಯಿತು. ಕ್ಯಾಪ್ ಲೆಕ್ಕದಲ್ಲಿ ಅದು ಶೇ 7.5 ಮಾತ್ರ! ಕೋವಿಡ್‌ನಿಂದ 2021ರ ಕ್ಯಾಪ್ ಕುಸಿದಿತ್ತು ಅನ್ನುವುದನ್ನು ಒಪ್ಪಿಕೊಂಡರೂ, ನಾಲ್ಕು ವರ್ಷ ದೇಶದಲ್ಲೇ ಅತ್ಯುತ್ತಮ ಅನ್ನಿಸಿಕೊಂಡವರ ಪಾಲು ಕರಗಿದ್ದು ನಿಜ.

ಅದೇ ಹೊತ್ತಿನಲ್ಲಿ ಹೊರ ಅಂಚಿನಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರ ಬೆಲೆ ಎಲ್ಲಿಗೆ ಹೋಯಿತು ನೋಡಿ. 2021ರಲ್ಲಿ ಪಿಟ್ಸ್‌ಬರ್ಗ್‌ನ ಟಿ. ಜೆ. ವಾಟ್‌ಗೆ ವರ್ಷಕ್ಕೆ 2.8 ಕೋಟಿ. 2025ರ ಆಗಸ್ಟ್‌ನಲ್ಲಿ ಗ್ರೀನ್ ಬೇ ತಂಡಕ್ಕೆ ಹೋದ ಮೈಕಾ ಪಾರ್ಸನ್ಸ್‌ಗೆ ವರ್ಷಕ್ಕೆ 4.7 ಕೋಟಿ, ಅಂದರೆ ಕ್ಯಾಪ್‌ನ ಶೇ 16.8. ಇವರನ್ನೂ ಕಾಗದದಲ್ಲಿ ಎಷ್ಟೋ ಸಲ ಲೈನ್‌ಬ್ಯಾಕರ್ ಅಂತಲೇ ಬರೆಯುತ್ತಾರೆ. ಆದರೆ ಕೆಲಸ ಬೇರೆ, ಮಾರುಕಟ್ಟೆಯೂ ಬೇರೆ. ಕ್ವಾರ್ಟರ್‌ಬ್ಯಾಕ್‌ಗೆ ಯೋಚಿಸಲು ಸಮಯ ಕೊಡದವನಿಗೆ ತಂಡಗಳು ಏನು ಬೇಕಾದರೂ ಕೊಡುತ್ತವೆ. ನಡುವೆ ನಿಂತು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುವವನಿಗೆ ಅಷ್ಟು ಕೊಡುವುದಿಲ್ಲ. ನನಗಂತೂ ಈ ಅಂತರ ಅತಿಯಾಯಿತು ಅನ್ನಿಸುತ್ತದೆ.

ಸುದ್ದಿಯಲ್ಲಿ ಬರುವ ದೊಡ್ಡ ಮೊತ್ತವನ್ನು ನಂಬಬಾರದು. ಎನ್‌ಎಫ್‌ಎಲ್ ಒಪ್ಪಂದದಲ್ಲಿ ಐದು ವರ್ಷ ಅಂತ ಬರೆದಿದ್ದರೂ ತಂಡ ಮಧ್ಯದಲ್ಲೇ ಆಟಗಾರನನ್ನು ಕೈಬಿಡಬಹುದು. ಆಗ ಗ್ಯಾರಂಟಿ ಇಲ್ಲದ ಸಂಬಳ ಕೊಡಬೇಕಾಗಿಲ್ಲ. ಆದ್ದರಿಂದ ಮೊದಲು ಕೇಳಬೇಕಾದ್ದು ಗ್ಯಾರಂಟಿ ಎಷ್ಟು ಅಂತ. ರೊಕ್ವಾನ್‌ಗೆ 10 ಕೋಟಿಯಲ್ಲಿ ಗ್ಯಾರಂಟಿ ಅಂತ ಹೇಳಿದ್ದು 6 ಕೋಟಿ. ಅದರಲ್ಲೂ ಎರಡು ಬಗೆ ಇದೆ. ಕೆಲವು ಏನೇ ಆದರೂ ಸಿಗುವ ಗ್ಯಾರಂಟಿ. ಇನ್ನು ಕೆಲವು ಗಾಯವಾಗಿ ಆಡಲಾಗದೆ ಹೋದರೆ ಮಾತ್ರ ಸಿಗುವಂಥದ್ದು, ಮುಂದೊಂದು ತಾರೀಕಿಗೆ ಆಟಗಾರ ಇನ್ನೂ ತಂಡದಲ್ಲಿದ್ದರೆ ಪೂರ್ತಿ ಗಟ್ಟಿಯಾಗುವಂಥದ್ದು.

ಎರಡನೆಯದು ಸೈನಿಂಗ್ ಬೋನಸ್. ಸಹಿ ಹಾಕಿದಾಗ ಕೊಡುವ ಈ ಹಣವನ್ನು ಕ್ಯಾಪ್ ಲೆಕ್ಕದಲ್ಲಿ ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚುತ್ತಾರೆ, ಹೆಚ್ಚೆಂದರೆ ಐದು ವರ್ಷಕ್ಕೆ. ರೊಕ್ವಾನ್‌ಗೆ ಸಿಕ್ಕ ಬೋನಸ್ 2.25 ಕೋಟಿ. ಅವರ ಕೈಗೆ ಬಂದ ಈ ಹಣ ತಂಡದ ಲೆಕ್ಕದಲ್ಲಿ ವರ್ಷಕ್ಕೆ 45 ಲಕ್ಷದಂತೆ ಐದು ವರ್ಷ ಕಾಣಿಸುತ್ತದೆ. ಎರಡೇ ವರ್ಷಕ್ಕೆ ಕೈಬಿಟ್ಟಿದ್ದರೆ? ಉಳಿದ ಮೂರು ವರ್ಷದ 1.35 ಕೋಟಿ ಒಟ್ಟಿಗೆ ತಂಡದ ತಲೆಯ ಮೇಲೆ ಬೀಳುತ್ತಿತ್ತು. ಇಲ್ಲದ ಆಟಗಾರನಿಗೆ ಕ್ಯಾಪ್‌ನಲ್ಲಿ ಜಾಗ. ಇದೇ ಡೆಡ್ ಮನಿ. ಜೂನ್ 1ರ ನಂತರ ಕೈಬಿಟ್ಟರೆ ಅದನ್ನು ಎರಡು ವರ್ಷಕ್ಕೆ ಹಂಚಿಕೊಳ್ಳಬಹುದು, ಅಷ್ಟೇ ಸಮಾಧಾನ.

ಗ್ಯಾರಂಟಿಗೆ ಆಟಗಾರರು ಯಾಕೆ ಇಷ್ಟು ಹಟ ಹಿಡಿಯುತ್ತಾರೆ ಅನ್ನುವುದು ಶಕೀಲ್ ಲೆನಾರ್ಡ್ ಕಥೆಯಲ್ಲಿ ಗೊತ್ತಾಗುತ್ತದೆ. ರೊಕ್ವಾನ್, ಲೆನಾರ್ಡ್, ವಾರ್ನರ್ ಮೂವರೂ 2018ರ ಒಂದೇ ಡ್ರಾಫ್ಟ್‌ನಲ್ಲಿ ಬಂದವರು. ರೊಕ್ವಾನ್ 8ನೆಯವರು, ಲೆನಾರ್ಡ್ 36, ವಾರ್ನರ್ 70. ಇಂಡಿಯಾನಾಪೊಲಿಸ್ ಕೋಲ್ಟ್ಸ್ ಸೇರಿದ ಲೆನಾರ್ಡ್ ಮೊದಲ ವರ್ಷವೇ 163 ಟ್ಯಾಕಲ್ ಮಾಡಿ ಲೀಗ್‌ನಲ್ಲಿ ಮೊದಲಿಗರಾದರು. 2021ರ ಆಗಸ್ಟ್‌ನಲ್ಲಿ, 26ನೇ ವಯಸ್ಸಿನಲ್ಲಿ, ಐದು ವರ್ಷಕ್ಕೆ 10 ಕೋಟಿಗೆ ಚೂರು ಕಮ್ಮಿ ಮೊತ್ತದ ವಿಸ್ತರಣೆ ಸಿಕ್ಕಿತು. ಗ್ಯಾರಂಟಿ 5.25 ಕೋಟಿ. ಆ ಸೀಸನ್‌ನಲ್ಲಿ ಎದುರಾಳಿಗಳ ಕೈಯಿಂದ ಎಂಟು ಸಲ ಚೆಂಡು ಬೀಳಿಸಿದರು, ನಾಲ್ಕು ಪಾಸ್ ಕಸಿದರು. ಬೆಲೆ ಕಟ್ಟಿದವರು ಆಗ ಜಾಣರಾಗಿ ಕಂಡರು. 2022ರಲ್ಲಿ ಬೆನ್ನಿಗೆ ಎರಡು ಸಲ ಶಸ್ತ್ರಚಿಕಿತ್ಸೆ, ಆಡಿದ್ದು ಮೂರೇ ಪಂದ್ಯ. 2023ರ ನವೆಂಬರ್‌ನಲ್ಲಿ, ಸೀಸನ್ ಮಧ್ಯದಲ್ಲೇ, ಕೋಲ್ಟ್ಸ್ ಅವರನ್ನು ಕೈಬಿಟ್ಟಿತು.

ವಾರ್ನರ್ ವಿಷಯದಲ್ಲೂ ಅದೃಷ್ಟ ಬೇರೆಯಾಗಿರಲಿಲ್ಲ. ಹೊಸ ಒಪ್ಪಂದಕ್ಕೆ ಸಹಿ ಹಾಕಿ ಐದು ತಿಂಗಳಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಟ್ಯಾಂಪಾದಲ್ಲಿ ಆಡುವಾಗ ಕಾಲಿನ ಕೀಲು ತಪ್ಪಿ ಮೂಳೆ ಮುರಿಯಿತು.

ಕಮ್ಮಿ ಬೆಲೆಗೆ ಸಿಕ್ಕವರ ಕಥೆ

ಇದರ ಉಲ್ಟಾ ಕಥೆ ಝ್ಯಾಕ್ ಬಾನ್‌ರದು. ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕು ವರ್ಷ ಅಂಚಿನಲ್ಲೂ, ಚೆಂಡು ಒದೆಯುವಾಗ ಇಳಿಯುವ ಸ್ಪೆಷಲ್ ಟೀಮ್ಸ್‌ನಲ್ಲೂ ಆಡಿಕೊಂಡಿದ್ದ ಅವರನ್ನು 2024ರಲ್ಲಿ ಫಿಲಡೆಲ್ಫಿಯ ಈಗಲ್ಸ್ ಒಂದು ವರ್ಷಕ್ಕೆ 35 ಲಕ್ಷ ಡಾಲರ್‌ಗೆ ತಂದಿತು. ಕೋಚ್ ವಿಕ್ ಫ್ಯಾಂಜಿಯೊ ಅವರನ್ನು ನಡುವೆ ನಿಲ್ಲಿಸಿದರು. ಆ ವರ್ಷ 151 ಟ್ಯಾಕಲ್, ಐದು ಸಲ ಚೆಂಡು ಬೀಳಿಸಿದ್ದು, ಲೀಗ್‌ನ ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡದಲ್ಲಿ ಜಾಗ. ಕಾನ್ಸಾಸ್ ಸಿಟಿಯನ್ನು 40-22ರಿಂದ ಸೋಲಿಸಿದ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಎದುರಾಳಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಒಂದು ಪಾಸನ್ನೂ ಕಸಿದರು. ಮರು ತಿಂಗಳೇ ಮೂರು ವರ್ಷಕ್ಕೆ 5.1 ಕೋಟಿ.

ಇಂಥ ಉದಾಹರಣೆಗಳೇ ಈ ಜಾಗದ ಬೆಲೆಯನ್ನು ಕೆಳಕ್ಕೆ ಎಳೆಯುತ್ತವೆ. 35 ಲಕ್ಷಕ್ಕೆ ಹುಡುಕಿದರೆ ಸಿಗುತ್ತಾನೆ ಅಂತಾದರೆ 2 ಕೋಟಿ ಯಾಕೆ ಕೊಡಬೇಕು ಅಂತ ಪ್ರತಿ ತಂಡದ ಮ್ಯಾನೇಜರ್‌ ಕೇಳಿಕೊಳ್ಳುತ್ತಾರೆ. ಬೆಲೆ ಕಟ್ಟುವಾಗ ಇವನು ಎಷ್ಟು ಚೆನ್ನಾಗಿ ಆಡುತ್ತಾನೆ ಅನ್ನುವುದಷ್ಟೇ ಲೆಕ್ಕಕ್ಕೆ ಬರುವುದಿಲ್ಲ. ಇವನಿಲ್ಲದಿದ್ದರೆ ಆ ಹಣದಲ್ಲಿ ಯಾರು ಸಿಗುತ್ತಾರೆ ಅನ್ನುವುದೂ ಬರುತ್ತದೆ. ಹಾಗಂತ ಬಾನ್‌ ಥರದವರು ಪ್ರತಿ ವರ್ಷ ಸಿಗುವುದಿಲ್ಲ. ಅಂಥ ಪ್ರಯೋಗಗಳಲ್ಲಿ ಸೋತ ಹೆಸರುಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಮತ್ತೆ ರೊಕ್ವಾನ್ ಕಡೆ ಬರೋಣ. ರೇವನ್ಸ್ ಅಷ್ಟು ಅವಸರದಲ್ಲಿ ಸಹಿ ಹಾಕಿಸಿಕೊಂಡದ್ದಕ್ಕೆ ಆಟಕ್ಕೆ ಸಂಬಂಧವೇ ಇಲ್ಲದ ಒಂದು ಕಾರಣವೂ ಕಾಣುತ್ತದೆ. ಒಪ್ಪಂದ ಮುಗಿಯುವ ಆಟಗಾರನನ್ನು ಇನ್ನೊಂದು ವರ್ಷ ಉಳಿಸಿಕೊಳ್ಳಲು ತಂಡಕ್ಕೆ ಫ್ರಾಂಚೈಸ್ ಟ್ಯಾಗ್ ಅಂತ ಒಂದು ಅಸ್ತ್ರ ಇದೆ. ವರ್ಷಕ್ಕೆ ಒಬ್ಬರಿಗೆ ಮಾತ್ರ. ಅದರ ಸಂಬಳ ನಿಗದಿಯಾಗುವುದು ಆಯಾ ಜಾಗದ ದುಬಾರಿ ಆಟಗಾರರ ಲೆಕ್ಕದಲ್ಲಿ. ಲೈನ್‌ಬ್ಯಾಕರ್ ಗುಂಪಿಗೆ ವಾಟ್ ಥರದ ಅಂಚಿನ ಆಟಗಾರರೂ ಸೇರುವುದರಿಂದ 2023ರಲ್ಲಿ ಅದು ಸುಮಾರು 2.09 ಕೋಟಿ ಇತ್ತು. ಅದಕ್ಕಿಂತ ಮುಖ್ಯವಾಗಿ, ಆ ಒಂದು ಟ್ಯಾಗ್ ರೇವನ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್‌ಗಾಗಿ ಬೇಕಿತ್ತು. ಮಾರ್ಚ್‌ನಲ್ಲಿ ಅವರಿಗೇ ಅದನ್ನು ಹಾಕಿದರು. ಅಂದರೆ ಮಾತುಕತೆಗೆ ಕೂತಾಗ ರೊಕ್ವಾನ್ ಕೈ ಮೇಲಿತ್ತು. ಅವರಿಗೆ ಏಜೆಂಟ್ ಇರಲಿಲ್ಲ, ತಾವೇ ಕೂತು ಮಾತಾಡಿದರು. ಏಜೆಂಟ್‌ಗೆ ಕಮಿಷನ್ ಕೊಡದೆ ವರ್ಷಕ್ಕೆ 2 ಕೋಟಿ ಗಿಟ್ಟಿಸಿದ್ದು ಸಣ್ಣ ಮಾತಲ್ಲ.

ಕೊಟ್ಟದ್ದು ದಕ್ಕಿತಾ? ಮೊದಲು ಪಕ್ಕದವನನ್ನು ನೋಡಿ. ಪ್ಯಾಟ್ರಿಕ್ ಕ್ವೀನ್ ಅನ್ನುವ ಯುವ ಲೈನ್‌ಬ್ಯಾಕರ್ ರೇವನ್ಸ್‌ನಲ್ಲಿ ಅಲ್ಲಿಯವರೆಗೆ ತಡಬಡಾಯಿಸುತ್ತಿದ್ದರು. ರೊಕ್ವಾನ್ ಬಂದು ಎಲ್ಲರನ್ನೂ ಜಾಗದಲ್ಲಿ ನಿಲ್ಲಿಸುವ ಹೊಣೆ ಹೊತ್ತ ಮೇಲೆ ಅವರ ಆಟ ಅರಳಿತು. ಕೊನೆಗೆ ಪಿಟ್ಸ್‌ಬರ್ಗ್ ಅವರಿಗೆ ಮೂರು ವರ್ಷಕ್ಕೆ 4.1 ಕೋಟಿ ಕೊಟ್ಟಿತು. 2023ರಲ್ಲಿ ಕಡಿಮೆ ಪಾಯಿಂಟ್ ಬಿಟ್ಟುಕೊಡುವುದು, ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು, ಚೆಂಡು ಕಸಿಯುವುದು ಮೂರರಲ್ಲೂ ರೇವನ್ಸ್ ಲೀಗ್‌ಗೇ ಮೊದಲು. ಎನ್‌ಎಫ್‌ಎಲ್‌ನಲ್ಲಿ ಹಾಗೆ ಆದದ್ದು ಅದೇ ಮೊದಲ ಸಲ. 2024ರಲ್ಲಿ ಕ್ವೀನ್ ಹೋದರು, ಡಿಫೆನ್ಸ್ ಕೋಚ್ ಮೈಕ್ ಮ್ಯಾಕ್‌ಡೊನಾಲ್ಡ್ ಸಿಯಾಟಲ್‌ಗೆ ಹೋದರು. ಸೀಸನ್‌ನ ಮೊದಲರ್ಧದಲ್ಲಿ ಪಾಸ್ ತಡೆಯಲು ತಂಡ ಒದ್ದಾಡಿತು, ರೊಕ್ವಾನ್ ಮೇಲೂ ಟೀಕೆ ಬಂತು. ಒಳ್ಳೆಯ ವರ್ಷದಲ್ಲಿ ಅವರ ಪಾಲು ಎಷ್ಟು, ಕೆಟ್ಟ ವರ್ಷದಲ್ಲಿ ಎಷ್ಟು ಅಂತ ಬಿಡಿಸಿ ಹೇಳುವ ಅಂಕಿ ಇನ್ನೂ ಹುಟ್ಟಿಲ್ಲ. ಆದರೂ ಗೆಲ್ಲುವ ತಂಡ, ಪಕ್ಕದಲ್ಲಿ ಬೆಳೆಯಬೇಕಾದ ಹುಡುಗ, ಟ್ಯಾಗ್ ಖಾಲಿ ಇರಬೇಕಾದ ಅನಿವಾರ್ಯ, ಇಷ್ಟನ್ನು ಸೇರಿಸಿದರೆ ರೇವನ್ಸ್ ಕೊಟ್ಟ ಬೆಲೆ ನ್ಯಾಯವಾದದ್ದೇ ಅನ್ನುವುದು ನನ್ನ ಅಭಿಪ್ರಾಯ.

ಬೇರ್ಸ್? ಕೆಳಗೆ ಬಿದ್ದು ಹೊಸದಾಗಿ ಕಟ್ಟಬೇಕಿದ್ದ ತಂಡ ದುಬಾರಿ ಲೈನ್‌ಬ್ಯಾಕರ್‌ನನ್ನು ಬಿಟ್ಟುಕೊಟ್ಟದ್ದು ತಪ್ಪಲ್ಲ. ಆಗ ಅಲ್ಲಿ ಹೆಡ್ ಕೋಚ್ ಆಗಿದ್ದವರು ಮ್ಯಾಟ್ ಎಬರ್‌ಫ್ಲಸ್, ಕೋಲ್ಟ್ಸ್‌ನಲ್ಲಿ ಲೆನಾರ್ಡ್ ಮಿಂಚಿದ ವರ್ಷಗಳಲ್ಲಿ ಡಿಫೆನ್ಸ್ ನಡೆಸಿದವರು. ಲೈನ್‌ಬ್ಯಾಕರ್ ಏನು ಮಾಡಬಲ್ಲ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರೊಕ್ವಾನ್‌ಗೆ ಬದಲಾಗಿ ಸಿಕ್ಕ ಎರಡನೇ ಸುತ್ತಿನ ಆಯ್ಕೆಯಲ್ಲಿ ಜೆರ್ವಾನ್ ಡೆಕ್ಸ್‌ಟರ್ ಎಂಬ ಮುಂದಿನ ಸಾಲಿನ ಆಟಗಾರ ನಾಲ್ಕು ವರ್ಷದ ಅಗ್ಗದ ಒಪ್ಪಂದಕ್ಕೆ ಬಂದರು. ಅಲ್ಲಿಯವರೆಗೆ ಲೆಕ್ಕ ಸರಿ ಇತ್ತು. ನನಗೆ ಅರ್ಥವಾಗದ್ದು ಆಮೇಲಿನದು. ರೊಕ್ವಾನ್‌ಗೆ ವರ್ಷಕ್ಕೆ 2 ಕೋಟಿ ಕೊಡಲು ಹಿಂದೇಟು ಹಾಕಿದ ಅದೇ ತಂಡ 2023ರ ಮಾರ್ಚ್‌ನಲ್ಲಿ ಟ್ರಮೇನ್ ಎಡ್ಮಂಡ್ಸ್‌ಗೆ ನಾಲ್ಕು ವರ್ಷಕ್ಕೆ 7.2 ಕೋಟಿ ಕೊಟ್ಟಿತು. ವರ್ಷಕ್ಕೆ 1.8 ಕೋಟಿ, ಗ್ಯಾರಂಟಿ 5 ಕೋಟಿ. ವಯಸ್ಸು 24, ಆರೂವರೆ ಅಡಿಗೆ ಸ್ವಲ್ಪವೇ ಕಮ್ಮಿ ಎತ್ತರ, ಪಾಸ್ ಜಾಗ ಮುಚ್ಚಲು ಉದ್ದ ಕೈಗಳು. ಕಾಗದದಲ್ಲಿ ಎಲ್ಲವೂ ಸರಿ. ಆದರೆ ಅದೇ ಸಮಯದಲ್ಲಿ ತಂದ ಇನ್ನೊಬ್ಬ ಲೈನ್‌ಬ್ಯಾಕರ್ ಟಿ. ಜೆ. ಎಡ್ವರ್ಡ್ಸ್. ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ಬಿಟ್ಟಿದ್ದವರು. ಮೂರು ವರ್ಷಕ್ಕೆ 1.95 ಕೋಟಿ, ಅಂದರೆ ವರ್ಷಕ್ಕೆ 65 ಲಕ್ಷ. ಆ ಸೀಸನ್‌ನಲ್ಲಿ ಅವರ ಲೆಕ್ಕಕ್ಕೆ 155 ಟ್ಯಾಕಲ್, ಎಡ್ಮಂಡ್ಸ್ ಲೆಕ್ಕಕ್ಕೆ 113. ಟ್ಯಾಕಲ್ ನಂಬಬೇಡಿ ಅಂತ ಇಷ್ಟು ಹೊತ್ತು ಹೇಳಿದವನು ನಾನೇ, ಸರಿ. ಆದರೆ ಇಬ್ಬರ ಪಟ್ಟಿ ಬಿಟ್ಟು ಆಟ ನೋಡಿದರೂ, ಒಬ್ಬನಿಗೆ ಇನ್ನೊಬ್ಬನ ಮೂರು ಪಟ್ಟು ಹತ್ತಿರ ಸಂಬಳ ಯಾಕೆ ಅನ್ನುವುದಕ್ಕೆ ನನಗಂತೂ ಕಾರಣ ಸಿಗುವುದಿಲ್ಲ.